ಹೆಸರು ಹೇಳಿಯೇ ಕೊಡಿ: ಫಂಕ್ಷನ್‌ಗಳಿಗೂ ಬೇಕು ವಿಭಕ್ತಿ ಪ್ರತ್ಯಯ

ಇವತ್ತು ಭೂಪಟದಿಂದ ಶುರು ಮಾಡೋಣ.

ಬೆಂಗಳೂರು ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳೋಕೆ ಎರಡು ಸಂಖ್ಯೆ ಸಾಕು. ಅಕ್ಷಾಂಶ 12.97, ರೇಖಾಂಶ 77.59. ಈ ಎರಡನ್ನು ಅದಲುಬದಲು ಮಾಡಿ ಕೊಟ್ಟರೆ ಬೆಂಗಳೂರು ಎಲ್ಲಿಗೆ ಹೋಗುತ್ತೆ ಗೊತ್ತಾ? ಆರ್ಕ್‌ಟಿಕ್ ವೃತ್ತದಿಂದಲೂ ಎಷ್ಟೋ ಮೇಲೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರಕ್ಕೆ. ಹಿಮಕರಡಿಗಳ ನೆರೆಮನೆಗೆ. ದುಬೈಯಲ್ಲಿರುವ ಕೇಳುಗರೇ, ನಿಮ್ಮ ಊರನ್ನು ಹೀಗೆ ತಿರುಗಿಸಿದರೆ ಅದು ಲಿಥುವೇನಿಯಾದಲ್ಲಿ ಇಳಿಯುತ್ತೆ. ಲಂಡನ್ ಹಿಂದೂ ಮಹಾಸಾಗರಕ್ಕೆ ಬೀಳುತ್ತೆ. ನ್ಯೂಯಾರ್ಕ್ ಅಂಟಾರ್ಕ್ಟಿಕಾದ ಮಂಜಿನ ಮೇಲೆ. ಸಿಂಗಪುರ, ಸಿಡ್ನಿಯವರು ಮಾತ್ರ ಅದೃಷ್ಟವಂತರು. ನಿಮ್ಮ ರೇಖಾಂಶ 100ಕ್ಕಿಂತ ಹೆಚ್ಚು, ಅಕ್ಷಾಂಶವೋ 90 ದಾಟುವ ಹಾಗೇ ಇಲ್ಲ. ಹಾಗಾಗಿ ಸ್ವಲ್ಪ ಎಚ್ಚರದಿಂದ ಬರೆದ ಪ್ರೋಗ್ರಾಂ ಆದರೆ "ಇದು ತಪ್ಪು" ಅಂತ ಕೂಗುತ್ತೆ. ಬೆಂಗಳೂರಿಗೆ ಆ ಅನುಕೂಲ ಇಲ್ಲ. ಎರಡು ಸಂಖ್ಯೆಗಳೂ ಎರಡೂ ಜಾಗಕ್ಕೆ ಸರಿಹೊಂದುತ್ತವೆ, ಪ್ರೋಗ್ರಾಂ ತುಟಿ ಪಿಟಕ್ ಅನ್ನಲ್ಲ.

ಇದು ಬರೀ ಕಲ್ಪನೆಯಲ್ಲ. ಭೂಪಟದ ಮಾಹಿತಿ ಇಡಲು ತುಂಬ ಕಡೆ ಬಳಸುವ ಜಿಯೋಜೇಸನ್ ಅನ್ನೋ ಮಾದರಿಯಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಗೂಗಲ್ ಮ್ಯಾಪ್ಸ್, ಲೀಫ್‌ಲೆಟ್ ತರಹದ ಲೈಬ್ರರಿಗಳಲ್ಲಿ ಅಕ್ಷಾಂಶ ಮೊದಲು. ಒಂದರಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಪ್ರತಿಯೊಬ್ಬರೂ ಈ ಗುಂಡಿಯ ಅಂಚಿನಲ್ಲೇ ನಡೀಬೇಕು.

ಇವತ್ತಿನ ವಿಷಯ ಈ ಗುಂಡಿಯೇ. ಒಂದು ಫಂಕ್ಷನ್‌ಗೆ ನಾವು ಮಾಹಿತಿ ಕೊಡುವಾಗ, ಯಾವುದು ಏನು ಅನ್ನೋದನ್ನು ಅದು ಹೇಗೆ ತಿಳಿದುಕೊಳ್ಳುತ್ತೆ? ಇದನ್ನು ಪ್ರೋಗ್ರಾಮಿಂಗ್ ಭಾಷೆಗಳನ್ನು ಮಾಡುವವರು ಹೇಗೆ ಯೋಚಿಸಿದ್ದಾರೆ? ಕೋಡ್ ಬರೆಯದವರೂ ಕೂತುಕೊಳ್ಳಿ. ನೀವು ಕನ್ನಡ ಮಾತಾಡ್ತೀರಿ ಅಂದರೆ ಅರ್ಧ ಪಾಠ ನಿಮಗೆ ಆಗಲೇ ಬರುತ್ತೆ.

ಫಂಕ್ಷನ್ ಅಂದರೆ ಒಂದು ಕೆಲಸಕ್ಕೆ ಹೆಸರಿಟ್ಟು ಎತ್ತಿಟ್ಟಿರೋದು. ಹಿಟ್ಟಿನ ಗಿರಣಿ ಅಂದುಕೊಳ್ಳಿ. ಏನು ಹಾಕುತ್ತೀರೋ ಅದು ಆರ್ಗ್ಯುಮೆಂಟ್, ಹೊರಗೆ ಬರೋದು ಉತ್ತರ. ಒಂದೇ ವಸ್ತು ಹಾಕುವ ಗಿರಣಿ ಆದರೆ ಗೊಂದಲ ಇಲ್ಲ. ಎರಡು, ಮೂರು, ಐದು ವಸ್ತು ಹಾಕಬೇಕಾದಾಗ ತಾನೇ ಸಮಸ್ಯೆ. ಹೆಚ್ಚಿನ ಭಾಷೆಗಳ ಉತ್ತರ ಸರಳ: ಸಾಲಾಗಿ ಕೊಡಿ, ಮೊದಲನೆಯದು ಇದು, ಎರಡನೆಯದು ಅದು. ಇದನ್ನು ಪೊಸಿಷನಲ್ ಅಂತಾರೆ, ಜಾಗ ನೋಡಿ ಅರ್ಥ ಮಾಡಿಕೊಳ್ಳುವ ಪದ್ಧತಿ. ಇನ್ನೊಂದು ದಾರಿ ಕೀವರ್ಡ್, ಅಂದರೆ ಹೆಸರು ಹೇಳಿ ಕೊಡೋದು. "ಅಕ್ಷಾಂಶ ಅಂದರೆ 12.97, ರೇಖಾಂಶ ಅಂದರೆ 77.59" ಅಂತ. ಹೀಗೆ ಹೇಳಿದ ಮೇಲೆ ಯಾವುದು ಮೊದಲು ಬಂತು ಅನ್ನೋದು ಮುಖ್ಯವಲ್ಲ.

ಈಗ ಕನ್ನಡಕ್ಕೆ ಬನ್ನಿ. "ಅಜ್ಜಿ ಮೊಮ್ಮಗಳಿಗೆ ಬಳೆ ಕೊಟ್ಟರು." "ಮೊಮ್ಮಗಳಿಗೆ ಬಳೆ ಕೊಟ್ಟರು ಅಜ್ಜಿ." "ಬಳೆ ಅಜ್ಜಿ ಕೊಟ್ಟರು, ಮೊಮ್ಮಗಳಿಗೆ." ಒತ್ತು ಬದಲಾಯ್ತು, ಕೊಟ್ಟವರು ಯಾರು ಪಡೆದವರು ಯಾರು ಅನ್ನೋದು ಬದಲಾಗಲಿಲ್ಲ. ಯಾಕೆಂದರೆ ಮೊಮ್ಮಗಳ ಬೆನ್ನಿಗೆ "ಗೆ" ಅಂಟಿಕೊಂಡಿದೆ. ಅವಳು ವಾಕ್ಯದಲ್ಲಿ ಎಲ್ಲಿ ಹೋಗಿ ನಿಂತರೂ ಆ ಚೀಟಿ ಜೊತೆಗೇ ಹೋಗುತ್ತೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಉ, ಅನ್ನು, ಇಂದ, ಗೆ ಅಂತ, ಆ ವಿಭಕ್ತಿ ಪ್ರತ್ಯಯಗಳ ಕೆಲಸವೇ ಇದು. ಇಂಗ್ಲಿಷ್ ಹಾಗಲ್ಲ. ನಾಯಿ ಮನುಷ್ಯನನ್ನು ಕಚ್ಚಿತು ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳಿ ನಾಯಿ, ಮನುಷ್ಯ ಎರಡೂ ಪದಗಳ ಜಾಗ ಬದಲಿಸಿ, ಕಚ್ಚಿದವನು ಮನುಷ್ಯ ಆಗಿಬಿಡ್ತಾನೆ. ಇಂಗ್ಲಿಷ್ ಬಹುಮಟ್ಟಿಗೆ ಜಾಗ ನೋಡುವ ಭಾಷೆ, ಕನ್ನಡ ಚೀಟಿ ನೋಡುವ ಭಾಷೆ.

ಪೈಥಾನ್ ಭಾಷೆ ಎರಡಕ್ಕೂ ಅವಕಾಶ ಕೊಟ್ಟಿತ್ತು. ಬೇಕಿದ್ದರೆ ಹೆಸರು ಹೇಳಿ, ಇಲ್ಲದಿದ್ದರೆ ಸಾಲಾಗಿ ಕೊಡಿ, ನಿಮ್ಮಿಷ್ಟ. ಕೇಳೋಕೆ ಉದಾರವಾಗಿದೆ. ಆದರೆ ಇಲ್ಲಿ ಆಯ್ಕೆ ಇರೋದು ಫಂಕ್ಷನ್ ಬಳಸುವವನ ಕೈಯಲ್ಲಿ. ಫಂಕ್ಷನ್ ಬರೆದವಳಿಗೆ "ಈ ಒಂದನ್ನು ಮಾತ್ರ ದಯವಿಟ್ಟು ಹೆಸರು ಹೇಳಿಯೇ ಕೊಡಿ" ಅನ್ನೋಕೆ ಸರಿಯಾದ ದಾರಿ ಇರಲಿಲ್ಲ. ಆ ಉದಾರತೆ ಎಷ್ಟು ದುಬಾರಿ ಅನ್ನೋದಕ್ಕೆ ಒಂದು ನಿಜವಾದ ಉದಾಹರಣೆ ಇದೆ, ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಪೈಥಾನ್‌ನಲ್ಲಿ ರೀ ಅನ್ನೋ ಮಾಡ್ಯೂಲ್ ಇದೆ, ರೆಗ್ಯುಲರ್ ಎಕ್ಸ್‌ಪ್ರೆಷನ್ ಕೆಲಸಕ್ಕೆ. ಅದರಲ್ಲಿ ಸಬ್ ಅಂತ ಒಂದು ಫಂಕ್ಷನ್. ಪಠ್ಯದಲ್ಲಿ ಒಂದು ಮಾದರಿ ಹುಡುಕಿ, ಅದರ ಜಾಗದಲ್ಲಿ ಬೇರೆಯದನ್ನು ಹಾಕೋದು ಅದರ ಕೆಲಸ. ಅದಕ್ಕೆ ಕೊಡುವ ಸಾಲು ಹೀಗಿದೆ: ಹುಡುಕಬೇಕಾದ್ದು, ಬದಲಿಗೆ ಹಾಕಬೇಕಾದ್ದು, ಪಠ್ಯ, ಎಷ್ಟು ಸಲ ಬದಲಿಸಬೇಕು ಅನ್ನುವ ಕೌಂಟ್, ಕೊನೆಯಲ್ಲಿ ಫ್ಲಾಗ್ಸ್. ಕೊನೆಯ ಎರಡು ಐಚ್ಛಿಕ. ಕೌಂಟ್ ಕೊಡದಿದ್ದರೆ ಅದು ಸೊನ್ನೆ, ಅಂದರೆ "ಸಿಕ್ಕಿದ್ದನ್ನೆಲ್ಲ ಬದಲಿಸು". ಫ್ಲಾಗ್ಸ್ ಅಂದರೆ ಹುಡುಕುವ ರೀತಿ. ಉದಾಹರಣೆಗೆ ಇಗ್ನೋರ್‌ಕೇಸ್, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡಬೇಡ ಅಂತ.

ನೀವು ಒಂದು ದೊಡ್ಡ ಕಡತದಲ್ಲಿ ಬ್ಯಾಂಗಲೋರ್ ಅಂತ ಇರುವಲ್ಲೆಲ್ಲ ಬೆಂಗಳೂರು ಅಂತ ಮಾಡಬೇಕು ಅಂದುಕೊಳ್ಳಿ. ಕೆಲವರು ಮೊದಲ ಅಕ್ಷರ ಮಾತ್ರ ದೊಡ್ಡದಾಗಿ ಬರೆದಿದ್ದಾರೆ, ಕೆಲವರು ಎಲ್ಲ ದೊಡ್ಡದು, ಕೆಲವರು ಎಲ್ಲ ಸಣ್ಣದು. ಸರಿ, ಹುಡುಕಬೇಕಾದ್ದು, ಬದಲಿಗೆ ಹಾಕಬೇಕಾದ್ದು, ಪಠ್ಯ ಮೂರನ್ನೂ ಕೊಟ್ಟು ನಾಲ್ಕನೆಯದಾಗಿ ಇಗ್ನೋರ್‌ಕೇಸ್ ಅಂತ ಕೊಡ್ತೀರಿ. ಇದು ಸಹಜ ಕೂಡ. ಅದೇ ಮಾಡ್ಯೂಲ್‌ನ ಸರ್ಚ್, ಫೈಂಡಾಲ್ ಎರಡರಲ್ಲೂ ಪಠ್ಯ ಆದ ತಕ್ಷಣ ಬರೋದು ಫ್ಲಾಗ್ಸೇ. ಕೈಗೆ ಅದೇ ರೂಢಿ.

ಆದರೆ ಸಬ್‌ನಲ್ಲಿ ನಾಲ್ಕನೆಯ ಜಾಗ ಫ್ಲಾಗ್ಸ್‌ದಲ್ಲ, ಕೌಂಟ್‌ದು. ತಪ್ಪು ಜಾಗಕ್ಕೆ ಹೋದರೆ ಪೈಥಾನ್ ಬೈಯಬೇಕು ತಾನೇ? ಬೈಯಲ್ಲ. ಯಾಕೆಂದರೆ ಇಗ್ನೋರ್‌ಕೇಸ್ ಅನ್ನೋದು ಒಳಗಡೆ ಒಂದು ಪೂರ್ಣಾಂಕ, ಅದರ ಬೆಲೆ 2. ಪೈಥಾನ್ ಪಾಪ, "ಎರಡು ಸಲ ಮಾತ್ರ ಬದಲಿಸು ಅಂದಿದ್ದಾರೆ" ಅಂದುಕೊಂಡು ಎರಡು ಸಲ ಬದಲಿಸಿ ಸುಮ್ಮನಾಗುತ್ತೆ. ಅಕ್ಷರಭೇದವನ್ನೂ ಬಿಡಲ್ಲ. ಮಲ್ಟಿಲೈನ್ ಅನ್ನೋ ಫ್ಲಾಗ್ ಕೊಟ್ಟರೆ ಎಂಟು ಸಲ. ಡಾಟ್‌ಆಲ್ ಕೊಟ್ಟರೆ ಹದಿನಾರು.

ಇದರ ಕ್ರೌರ್ಯ ಇರೋದು ಪರೀಕ್ಷೆ ಮಾಡುವಾಗ. ಪರೀಕ್ಷೆಗೆ ನಾವು ಯಾವಾಗಲೂ ಚಿಕ್ಕ ಪಠ್ಯ ತಗೋತೀವಿ. ಒಂದು ಸಾಲು, ಅದರಲ್ಲಿ ಒಂದೋ ಎರಡೋ ಬ್ಯಾಂಗಲೋರ್. ಫಲಿತಾಂಶ ಸರಿಯಾಗೇ ಬರುತ್ತೆ. ನಿಜವಾದ ಕಡತಕ್ಕೆ ಓಡಿಸಿದಾಗ ಮೊದಲ ಎರಡು ಬದಲಾಗಿ ಉಳಿದ ನಲವತ್ತು ಹಾಗೇ ಉಳಿಯುತ್ತೆ. ಮೊದಲ ಪುಟ ನೋಡಿ "ಆಯ್ತಲ್ಲ" ಅಂತ ಮುಂದಕ್ಕೆ ಹೋಗ್ತೀವಿ. ಹೀಗೆ ಬದಲಿಸುತ್ತಿರೋದು ಊರಿನ ಹೆಸರಲ್ಲ, ರೋಗಿಗಳ ಗುರುತು ಅಳಿಸುವ ಕೆಲಸ ಅಂತ ಊಹಿಸಿ ನೋಡಿ. ಮೊದಲ ಎರಡು ಕಡೆ ಹೆಸರು ಅಳಿದಿದೆ, ಮಿಕ್ಕ ಕಡೆ ಎಲ್ಲ ಹಾಗೇ ಇದೆ, ಎಲ್ಲೂ ಒಂದು ದೂರೂ ಇಲ್ಲ.

ಈಗ ಇತಿಹಾಸ. 2006ರ ಏಪ್ರಿಲ್‌ನಲ್ಲಿ ಟ್ಯಾಲಿನ್ ಅನ್ನುವವರು ಪೈಥಾನ್‌ಗೆ ಒಂದು ಪ್ರಸ್ತಾವ ಬರೆದರು. ಪೈಥಾನ್ ಸಮುದಾಯದಲ್ಲಿ ಇಂಥ ಪ್ರಸ್ತಾವಗಳನ್ನು ಪೆಪ್ ಅಂತಾರೆ, ಇದು ಪೆಪ್ 3102. ಅವರ ತೊಂದರೆ ಶುರುವಾಗೋದು ಬೇರೆ ಕಡೆಯಿಂದ. ಎಷ್ಟು ಬೇಕಾದರೂ ವಸ್ತು ತಗೊಳ್ಳುವ ಫಂಕ್ಷನ್‌ಗಳಿವೆ, ಪದಗಳನ್ನು ಸಾಲಾಗಿ ಕೊಟ್ಟರೆ ವಿಂಗಡಿಸಿ ಕೊಡುವಂಥವು. ಪೈಥಾನ್‌ನಲ್ಲಿ ಅದನ್ನು ಹೆಸರಿನ ಹಿಂದೆ ಒಂದು ನಕ್ಷತ್ರ ಇಟ್ಟು ಬರೀತಾರೆ. ಬಂದಿದ್ದನ್ನೆಲ್ಲ ಆ ನಕ್ಷತ್ರ ನುಂಗಿಕೊಳ್ಳುತ್ತೆ. ಹಾಗಾದರೆ "ಅಕ್ಷರಭೇದ ಮಾಡು, ಮಾಡಬೇಡ" ಅನ್ನೋ ಸೂಚನೆಯನ್ನು ಎಲ್ಲಿಡೋದು? ನಕ್ಷತ್ರದ ಮುಂದಿಟ್ಟರೆ ಮೊದಲ ಪದವೇ ಸೂಚನೆ ಆಗಿಬಿಡುತ್ತೆ. ನಕ್ಷತ್ರದ ನಂತರ ಇಡೋಣ ಅಂದರೆ ಆಗಿನ ಪೈಥಾನ್ ಒಪ್ಪುತ್ತಿರಲಿಲ್ಲ. ಟ್ಯಾಲಿನ್ ಹೇಳಿದ್ದು, ನಂತರ ಇಡೋಕೆ ಬಿಡಿ ಅಂತ. ಎಲ್ಲವನ್ನೂ ನಕ್ಷತ್ರ ನುಂಗೋದರಿಂದ ಅದರಾಚೆಗೆ ಜಾಗದ ಮೂಲಕ ಯಾರೂ ತಲುಪಲಾರರು. ಹೆಸರು ಹೇಳಿದರೆ ಮಾತ್ರ ತಲುಪಬಹುದು.

ಸೊಗಸಾಗಿರೋದು ಎರಡನೇ ಹೆಜ್ಜೆ. ಎಷ್ಟೋ ಫಂಕ್ಷನ್‌ಗಳಿಗೆ ಲೆಕ್ಕವಿಲ್ಲದಷ್ಟು ವಸ್ತು ಬೇಡ, ಬರೀ ಎರಡು ಸಾಕು, ಆದರೂ ಮೂರನೆಯದನ್ನು ಹೆಸರು ಹೇಳಿಯೇ ಕೊಡಬೇಕು ಅಂತ ಆಸೆ. ಅದಕ್ಕೆ ನಕ್ಷತ್ರವನ್ನು ಯಾವ ಹೆಸರೂ ಇಲ್ಲದೆ ಬೋಳಾಗಿ ಇಟ್ಟುಬಿಡಿ ಅಂದರು. ಬೋಳು ನಕ್ಷತ್ರ ಏನನ್ನೂ ನುಂಗಲ್ಲ, ಗೋಡೆಯ ಹಾಗೆ ನಿಲ್ಲುತ್ತೆ. ಅದರ ಎಡಗಡೆ ಇರೋದು ಸಾಲಿನಲ್ಲಿ ಬರಬಹುದು, ಬಲಗಡೆ ಇರೋದು ಹೆಸರು ಹೇಳಿಕೊಂಡೇ ಬರಬೇಕು. ಒಂದು ನಕ್ಷತ್ರ, ಒಂದು ಅಲ್ಪವಿರಾಮ, ಅಷ್ಟೇ. 2008ರ ಡಿಸೆಂಬರ್‌ನಲ್ಲಿ ಪೈಥಾನ್ 3.0 ಬಂದಾಗ ಇದೂ ಬಂತು.

ಈಗ ಮತ್ತೆ ನಮ್ಮ ಸಬ್ ಫಂಕ್ಷನ್ ಕಡೆ ನೋಡಿ, ಸ್ವಲ್ಪ ನಗು, ಸ್ವಲ್ಪ ಬೇಜಾರು ಎರಡೂ ಆಗುತ್ತೆ. ಸಬ್‌ಗೆ ಫ್ಲಾಗ್ಸ್ ಅನ್ನೋದು ಮೊದಲಿಗೆ ಇರಲೇ ಇಲ್ಲ. ಅದನ್ನು ಸೇರಿಸಿದ್ದು ಪೈಥಾನ್ 3.1ರಲ್ಲಿ, 2009ರ ಜೂನ್‌ನಲ್ಲಿ. ಬೋಳು ನಕ್ಷತ್ರ ಭಾಷೆಗೆ ಬಂದು ಆರು ತಿಂಗಳಾಗಿತ್ತು. ಆದರೂ ಫ್ಲಾಗ್ಸ್ ಕೌಂಟ್‌ನ ಪಕ್ಕದಲ್ಲಿ, ನಕ್ಷತ್ರ ಇಲ್ಲದೆ, ಮಾಮೂಲಿ ಸಾಲಿನಲ್ಲೇ ಹೋಗಿ ಕೂತಿತು. ಅದನ್ನು ಅಲ್ಲಿಂದ ಎಬ್ಬಿಸೋಕೆ ಎಷ್ಟು ದಿನ ಹಿಡೀತು? 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ, ಕೌಂಟ್ ಮತ್ತು ಫ್ಲಾಗ್ಸ್ ಎರಡನ್ನೂ ಹೆಸರಿಲ್ಲದೆ ಕೊಟ್ಟರೆ ಎಚ್ಚರಿಕೆ ಬರುವ ಹಾಗೆ ಮಾಡಿದರು. ಬರೀ ಎಚ್ಚರಿಕೆ, ನಿಷೇಧ ಅಲ್ಲ. ಮುಂದೊಂದು ಆವೃತ್ತಿಯಲ್ಲಿ ಹೆಸರು ಕಡ್ಡಾಯ ಆಗುತ್ತೆ ಅಂತ ಮಾತು ಕೊಟ್ಟಿದ್ದಾರೆ. ಹದಿನೈದು ವರ್ಷ!

ಯಾಕೆ ಇಷ್ಟು ನಿಧಾನ? ಸೋಮಾರಿತನ ಅಲ್ಲ. ಇಲ್ಲೇ ಇದೆ ಇಡೀ ವಿನ್ಯಾಸದ ಮರ್ಮ. ನಕ್ಷತ್ರ ಇರುವ ಫಂಕ್ಷನ್‌ನಿಂದ ನಕ್ಷತ್ರ ತೆಗೆದರೆ ಯಾರ ಕೋಡೂ ಮುರಿಯಲ್ಲ. ಹೆಸರು ಹೇಳಿ ಕೊಡುತ್ತಿದ್ದವರು ಹಾಗೇ ಕೊಡುತ್ತಿರಬಹುದು, ಈಗ ಸಾಲಿನಲ್ಲೂ ಕೊಡಬಹುದು. ನಕ್ಷತ್ರ ಇಲ್ಲದ ಫಂಕ್ಷನ್‌ಗೆ ಹೊಸದಾಗಿ ಸೇರಿಸಿದರೆ ಮಾತ್ರ, ಜಗತ್ತಿನಲ್ಲಿ ಎಲ್ಲೆಲ್ಲಿ ಯಾರ್ಯಾರು ಸಾಲಿನಲ್ಲಿ ಕೊಟ್ಟಿದ್ದಾರೋ, ಸರಿಯಾಗಿ ಕೊಟ್ಟವರೂ ಸೇರಿ, ಅವರೆಲ್ಲರ ಪ್ರೋಗ್ರಾಂ ಒಂದು ಬೆಳಿಗ್ಗೆ ನಿಂತುಹೋಗುತ್ತೆ. ಸಡಿಲ ಮಾಡೋದು ಸುಲಭ, ಬಿಗಿ ಮಾಡೋದು ಕಷ್ಟ. ಹಾಗಾಗಿ ಅನುಮಾನ ಇದ್ದಾಗ ಮೊದಲ ದಿನವೇ ಬಿಗಿ ಇಡಬೇಕು ಅನ್ನೋದು ನನ್ನ ಪಕ್ಷ.

ಸೈಕಿಟ್-ಲರ್ನ್ ಈ ಕಷ್ಟವನ್ನು ಎದುರಿಸಿದ ರೀತಿ ನನಗೆ ಇಷ್ಟ. ಮಷೀನ್ ಲರ್ನಿಂಗ್ ಕಲಿತವರಿಗೆಲ್ಲ ಗೊತ್ತಿರುವ ಲೈಬ್ರರಿ. ಅದರಲ್ಲಿ ಎಸ್‌ವಿಸಿ ಅನ್ನೋ ವರ್ಗೀಕರಣದ ಸಾಧನ ಒಂದಕ್ಕೇ ಹದಿನೈದು ಐಚ್ಛಿಕ ಆಯ್ಕೆಗಳು. ಬರೀ ಸಂಖ್ಯೆ, ಹೌದು, ಇಲ್ಲ, ಸಂಖ್ಯೆ, ಸಂಖ್ಯೆ ಅಂತ ಸಾಲಾಗಿ ಬರೆದಿಟ್ಟ ಕೋಡನ್ನು ಆರು ತಿಂಗಳಾದ ಮೇಲೆ ಬರೆದವರೇ ಓದಲಾರರು. 2020ರ ಮೇ ತಿಂಗಳಲ್ಲಿ 0.23 ಆವೃತ್ತಿಯಿಂದ ಅವರು ಎಚ್ಚರಿಕೆ ಕೊಡೋಕೆ ಶುರು ಮಾಡಿದರು, 2021ರ ಸೆಪ್ಟೆಂಬರ್‌ನಲ್ಲಿ 1.0 ಬಂದಾಗ ಹೆಸರು ಕಡ್ಡಾಯ ಮಾಡಿದರು. ಆದರೆ ಒಂದನ್ನು ಮುಟ್ಟಲಿಲ್ಲ. ಫಿಟ್ ಅನ್ನೋ ಫಂಕ್ಷನ್‌ಗೆ ಎಕ್ಸ್ ಮತ್ತು ವೈ ಕೊಡೋದನ್ನು. ಮೊದಲು ದತ್ತಾಂಶ, ಆಮೇಲೆ ಉತ್ತರ. ಅದು ಆ ಕ್ಷೇತ್ರದ ಎಲ್ಲರ ನಾಲಿಗೆಯ ಮೇಲಿರುವ ಕ್ರಮ, ಅಲ್ಲಿ ಹೆಸರು ಕೇಳಿದರೆ ಬರೀ ಕಿರಿಕಿರಿ.

ಎಲ್ಲಿ ಕಡ್ಡಾಯ, ಎಲ್ಲಿ ಬೇಡ ಅನ್ನೋ ಈ ಪ್ರಶ್ನೆಗೆ ಮತ್ತೆ ಕನ್ನಡದ ಹತ್ತಿರವೇ ಹೋಗಬೇಕು. ಆಗ ಹೇಳದೆ ಬಿಟ್ಟ ಒಂದು ಮಾತಿದೆ. ನಾವು ಪ್ರತ್ಯಯವನ್ನು ಎಲ್ಲ ಕಡೆ ಹಾಕಲ್ಲ. "ಕಾಫಿ ಕುಡಿದೆ" ಅಂತೀವಿ, "ಕಾಫಿಯನ್ನು ಕುಡಿದೆನು" ಅನ್ನೋದು ಪಠ್ಯಪುಸ್ತಕದಲ್ಲಿ ಮಾತ್ರ. ಕಾಫಿ ನಮ್ಮನ್ನು ಕುಡಿಯೋದು ಸಾಧ್ಯವಿಲ್ಲ, ಹಾಗಾಗಿ "ಅನ್ನು" ಬಿಟ್ಟರೂ ನಷ್ಟವಿಲ್ಲ. ಆದರೆ "ಬೆಕ್ಕು ನಾಯಿ ಅಟ್ಟಿಸಿಕೊಂಡು ಹೋಯ್ತು" ಅಂದರೆ? ಯಾರು ಯಾರ ಹಿಂದೆ? ಇಲ್ಲಿ "ಬೆಕ್ಕನ್ನು" ಅಂತಲೋ "ನಾಯಿಯನ್ನು" ಅಂತಲೋ ಹೇಳಲೇಬೇಕು. "ಹುಡುಗ ನೋಡಿದೆ" ಅಂತ ಯಾರೂ ಅನ್ನಲ್ಲ, "ಹುಡುಗನ್ನ ನೋಡಿದೆ" ಅಂತಲೇ ಅಂತೀವಿ. ನಿರ್ಜೀವ ವಸ್ತುವಿಗೆ ಚೀಟಿ ಐಚ್ಛಿಕ, ಮನುಷ್ಯರಿಗೆ ಕಡ್ಡಾಯ. ಇನ್ನು "ಗೆ" ಅಂತೂ ಬಿಡೋ ಹಾಗೇ ಇಲ್ಲ. "ಮೊಮ್ಮಗಳು ಬಳೆ ಕೊಟ್ಟಳು" ಅಂದರೆ ಅಜ್ಜಿಯ ಬಳೆ ಅಲ್ಲ, ಕಥೆಯೇ ಬೇರೆ.

ಫಂಕ್ಷನ್ ಬರೆಯುವಾಗಲೂ ಇದೇ ಅಳತೆ ಸಾಕಾಗುತ್ತೆ. ಕೊಟ್ಟ ವಸ್ತು ಇನ್ನೊಂದರ ಜಾಗದಲ್ಲಿ ಕೂರೋಕೆ ಸಾಧ್ಯವಾ? ಅಕ್ಷಾಂಶ ರೇಖಾಂಶದ ಜಾಗದಲ್ಲಿ ಕೂರಬಲ್ಲದು, ಹಾಗಾದರೆ ಗೋಡೆಯ ಬಲಗಡೆಗೆ ಹಾಕಿ. ಇಂದ, ಗೆ ಅನ್ನುವ ಎರಡು ಬ್ಯಾಂಕ್ ಖಾತೆಗಳು, ಎರಡೂ ಖಾತೆಗಳೇ, ಬಲಗಡೆಗೆ. ಅಮೆರಿಕದಲ್ಲಿರೋರಿಗೆ 4/7 ಅಂದರೆ ಏಪ್ರಿಲ್ ಏಳೋ ಜುಲೈ ನಾಲ್ಕೋ ಅನ್ನೋ ಪೀಕಲಾಟ ಗೊತ್ತೇ ಇದೆ, ತಿಂಗಳು ಮತ್ತು ದಿನವೂ ಬಲಗಡೆಗೆ. ಹೌದು, ಇಲ್ಲ ಅನ್ನುವ ಸೂಚನೆಗಳು ಯಾವಾಗಲೂ ಬಲಗಡೆಗೇ. ಒಂದು ಸಾಲಿನ ಕೊನೆಯಲ್ಲಿ ಬರೀ "ಟ್ರೂ" ಅಂತ ನೇತಾಡುತ್ತಿದ್ದರೆ ಏನು ಟ್ರೂ, ಯಾವುದು ಟ್ರೂ? ಪೈಥಾನ್‌ನ ಸಾರ್ಟೆಡ್ ಫಂಕ್ಷನ್ ಇದನ್ನು ಸರಿಯಾಗಿ ಮಾಡಿದೆ. ಪಟ್ಟಿಯನ್ನು ಸುಮ್ಮನೆ ಕೊಡಿ, ಆದರೆ ತಿರುಗಿಸಿ ಜೋಡಿಸಬೇಕಿದ್ದರೆ "ರಿವರ್ಸ್" ಅಂತ ಹೆಸರು ಹೇಳಲೇಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹೆಸರು ಅಂದರೆ ಒಂದು ಮಾತು ಕೊಟ್ಟ ಹಾಗೆ. ಜನ ಹೆಸರು ಹೇಳಿ ಕರೆಯೋಕೆ ಶುರು ಮಾಡಿದ ಮೇಲೆ ಆ ಹೆಸರನ್ನು ಬದಲಿಸೋಕೆ ಆಗಲ್ಲ, ಅದು ಎಷ್ಟೇ ಕೆಟ್ಟದಾಗಿರಲಿ. ಒಳಗಿನ ಹೆಸರು ಒಳಗೇ ಇರಲಿ ಅನ್ನುವವರಿಗಾಗಿ 2019ರಲ್ಲಿ ಪೈಥಾನ್ 3.8 ಇನ್ನೊಂದು ಚಿಹ್ನೆ ಕೊಟ್ಟಿತು, ಒಂದು ಓರೆಗೆರೆ. ಅದರ ಎಡಗಡೆ ಇರೋದನ್ನು ಸಾಲಿನಲ್ಲಿ ಮಾತ್ರ ಕೊಡಬೇಕು, ಹೆಸರು ಹೇಳೋ ಹಾಗಿಲ್ಲ. ಪಟ್ಟಿಯ ಉದ್ದ ಹೇಳುವ ಲೆನ್ ಫಂಕ್ಷನ್ ಹೀಗೆ ಇದೆ. ಒಂದೇ ವಸ್ತು, ಅದಕ್ಕೇನು ಹೆಸರು? ಹಾಗಾಗಿ ಈಗ ಒಂದೇ ಫಂಕ್ಷನ್‌ನಲ್ಲಿ ಮೂರು ಕೋಣೆ ಇರಬಹುದು: ಓರೆಗೆರೆಯ ಎಡಕ್ಕೆ ಜಾಗ ಮಾತ್ರ, ನಡುವೆ ಎರಡೂ, ನಕ್ಷತ್ರದ ಬಲಕ್ಕೆ ಹೆಸರು ಮಾತ್ರ. ಹೊಸದಾಗಿ ಕಲಿಯುವವರು ಇದನ್ನು ನೋಡಿ ಗಾಬರಿಯಾಗೋದು ನ್ಯಾಯವೇ.

ಬೇರೆ ಭಾಷೆಗಳಲ್ಲಿ ಈ ಯೋಚನೆ ಹಳೆಯದು. 1970ರ ದಶಕದ ಸ್ಮಾಲ್‌ಟಾಕ್‌ನಲ್ಲಿ ಪ್ರತಿ ವಸ್ತುವಿನ ಮುಂದೆಯೂ ಒಂದು ಪದ ಇರುತ್ತಿತ್ತು. ಆ ಶೈಲಿ ಆಬ್ಜೆಕ್ಟಿವ್-ಸಿ ಮೂಲಕ ಆಪಲ್‌ನ ಸ್ವಿಫ್ಟ್‌ಗೆ ಬಂತು. ಸ್ವಿಫ್ಟ್ ಪೈಥಾನ್‌ಗೆ ತದ್ವಿರುದ್ಧ: ಹೆಸರು ಕಡ್ಡಾಯವೇ ಮಾಮೂಲು, ಬೇಡ ಅನ್ನುವವರು ಒಂದು ಅಡಿಗೆರೆ ಹಾಕಿ ಬಿಡುಗಡೆ ಕೊಡಬೇಕು. ಆದರೆ ಸ್ವಿಫ್ಟ್‌ನಲ್ಲಿ ಹೆಸರು ಹೇಳಿದರೂ ಕ್ರಮ ಬದಲಿಸುವ ಹಾಗಿಲ್ಲ! ಅದು ಓದುವವರಿಗಾಗಿ ಇಟ್ಟ ಹೆಸರು, ಸ್ವಾತಂತ್ರ್ಯಕ್ಕಾಗಿ ಅಲ್ಲ. ಆ ಮಟ್ಟಿಗೆ ನನ್ನ ವಿಭಕ್ತಿ ಹೋಲಿಕೆ ಪೈಥಾನ್‌ಗೆ ಹೊಂದುತ್ತೆ, ಸ್ವಿಫ್ಟ್‌ಗೆ ಪೂರ್ತಿ ಹೊಂದಲ್ಲ. ಪಿಎಚ್‌ಪಿಗೆ ಹೆಸರು ಹೇಳುವ ಸೌಕರ್ಯ ಬಂದಿದ್ದು 2020ರ ಕೊನೆಗೆ, 8.0ರಲ್ಲಿ. ಅಲ್ಲಂತೂ ಹುಡುಕಬೇಕಾದ್ದು ಮೊದಲೋ, ಎಲ್ಲಿ ಹುಡುಕಬೇಕು ಅನ್ನೋದು ಮೊದಲೋ ಅನ್ನೋದು ಒಂದೊಂದು ಫಂಕ್ಷನ್‌ಗೂ ಒಂದೊಂದು ಥರ.

ಸಿ ಭಾಷೆಯಲ್ಲಿ ಇವತ್ತಿಗೂ ಇದು ಇಲ್ಲ. ಅಲ್ಲಿ ಮೆಮ್‌ಸೆಟ್ ಅಂತ ಒಂದು ಹಳೆಯ ಫಂಕ್ಷನ್, ಸ್ಮರಣೆಯ ಒಂದು ಭಾಗವನ್ನು ಒಂದೇ ಬೆಲೆಯಿಂದ ತುಂಬಿಸೋಕೆ. ಎಲ್ಲಿ, ಯಾವ ಬೆಲೆ, ಎಷ್ಟು ಬೈಟ್ ಅನ್ನೋದು ಕ್ರಮ. ಪಾಸ್‌ವರ್ಡ್ ಇಟ್ಟಿದ್ದ ಜಾಗವನ್ನು ಸೊನ್ನೆಯಿಂದ ಅಳಿಸಬೇಕು ಅಂತ ಹೊರಟು ಕೊನೆಯ ಎರಡನ್ನು ಅದಲುಬದಲು ಮಾಡಿದರೆ, "ಸೊನ್ನೆ ಬೈಟ್ ತುಂಬಿಸು" ಅಂತ ಆಗುತ್ತೆ. ಕಂಪೈಲ್ ಆಗುತ್ತೆ, ಓಡುತ್ತೆ, ಏನೂ ಮಾಡಲ್ಲ. ಪಾಸ್‌ವರ್ಡ್ ಅಲ್ಲೇ ಇರುತ್ತೆ. ಈ ತಪ್ಪು ಎಷ್ಟು ಸಾಮಾನ್ಯ ಅಂದರೆ, ಜಿಸಿಸಿ ಕಂಪೈಲರ್‌ನಲ್ಲಿ ಇದೊಂದಕ್ಕೆಂದೇ ಪ್ರತ್ಯೇಕ ಎಚ್ಚರಿಕೆ ಇದೆ.

ಪೈಥಾನ್ ಬಳಸುವ ಕೇಳುಗರು ಇವತ್ತೇ ಒಂದು ಕೆಲಸ ಮಾಡಬಹುದು. ನಿಮ್ಮ ಹಳೆಯ ಕೋಡ್‌ನಲ್ಲಿ ರೀ ಮಾಡ್ಯೂಲ್‌ನ ಸಬ್ ಎಲ್ಲೆಲ್ಲಿದೆ ಹುಡುಕಿ, ನಾಲ್ಕನೆಯ ಜಾಗದಲ್ಲಿ ಏನು ಕೂತಿದೆ ನೋಡಿ. ಇಗ್ನೋರ್‌ಕೇಸ್ ಕೂತಿದ್ದರೆ ಮುಂದೆ "ಫ್ಲಾಗ್ಸ್" ಅಂತ ಹೆಸರು ಸೇರಿಸಿ. ಆಮೇಲೆ, ಅದು ಇಲ್ಲಿಯವರೆಗೆ ತಯಾರಿಸಿದ ಕಡತಗಳನ್ನು ಮೂರನೇ ಬದಲಾವಣೆಯಿಂದ ಮುಂದಕ್ಕೆ ಓದಿ ನೋಡಿ.